ಸೋವಿ ಫಿಲ್ಟರಿನ ಸತ್ವಪರೀಕ್ಷೆ

ನಮ್ಮ ಭಾಂಡುಪಿನ ಕಟ್ಟಡದ ಮೂರನೆಯ ಮಾಳಿಗೆಯಲ್ಲಿ ಕಾರ್ಕಳದ ಕಡೆಯ ವೃದ್ಧೆಯೊಬ್ಬರಿದ್ದಾರೆ. ಕಟ್ಟಡದ ಕನ್ನಡಿಗರಿಗೆಲ್ಲ ಅವರು ದೊಡ್ಡಮ್ಮ. ಅವರ ಮನೆಯ ಗೋಡೆಯ ಮೇಲೆ ಒಂದು ಫೋಟೋ ಇದೆ. ಕರಿಯ ಕೋಟು ತೊಟ್ಟು ಕುರ್ಚಿಯಲ್ಲಿ ಕುಳಿತ ಗಂಡಸು, ಪಕ್ಕದಲ್ಲಿ ನಿಂತ ಹೆಂಗಸು. ದೊಡ್ಡಮ್ಮನ ತಂದೆ ತಾಯಿ. ಅವರಿಬ್ಬರ ಇನ್ನೊಂದು ಚಿತ್ರ ಲೋಕದಲ್ಲಿ ಎಲ್ಲಿಯೂ ಇಲ್ಲ. ಅದನ್ನು ತೆಗೆದ ಸ್ಟುಡಿಯೋ ಮುಚ್ಚಿ ಎಷ್ಟೋ ವರ್ಷಗಳಾದವು. ನೆಗೆಟಿವ್ ಏನಾಯಿತೋ ಯಾರಿಗೂ ತಿಳಿಯದು.

ದೊಡ್ಡಮ್ಮನಿಗೆ ಮೂವರು ಮಕ್ಕಳು. ಮೂವರಿಗೂ ಒಂದೊಂದು ಪ್ರತಿ ಬೇಕು. ಫ್ರೇಮು ಬಿಚ್ಚಿಸಿ ಸ್ಕ್ಯಾನ್ ಮಾಡಿಸೋಣವೆಂದು ಹಿಂದೊಮ್ಮೆ ಅಂಗಡಿಯೊಂದಕ್ಕೆ ಕೊಟ್ಟಿದ್ದರಂತೆ. ಆದರೆ ಮುಂಬಯಿಯ ಎಷ್ಟೋ ಮಳೆಗಾಲಗಳ ತೇವಕ್ಕೆ ಫೋಟೋದ ಮೇಲ್ಮೈಯ ಜೆಲಟಿನ್ ಮೆತ್ತಗಾಗಿ ಗಾಜಿಗೆ ಅಂಟಿಬಿಟ್ಟಿತ್ತು. ಅಂಗಡಿಯ ಹುಡುಗ ಒಂದು ಮೂಲೆಯನ್ನು ಎಬ್ಬಿಸುವಷ್ಟರಲ್ಲಿ ತಾಯಿಯ ಸೀರೆಯ ಅಂಚು ಕಾಗದವನ್ನು ಬಿಟ್ಟು ಗಾಜಿನಲ್ಲೇ ಉಳಿಯಿತು. "ತಮ್ಮಾ, ಸೀರೆಯ ಅಂಚು ಹೋಯಿತು, ಹೋಗಲಿ. ಮುಖ ಹೋದರೆ ಏನು ಮಾಡಲಿ?" ಎಂದು ಅವರು ನನ್ನನ್ನು ಕೇಳಿದರು. ಗಾಜನ್ನು ಮುಟ್ಟದೆ, ಅದರ ಮೇಲಿಂದಲೇ ಕ್ಯಾಮರಾದಲ್ಲಿ ತೆಗೆದುಕೊಡಬೇಕೆಂಬುದು ಅವರ ಕೋರಿಕೆ.

ತೆಗೆದೆ. ಬಂದ ಚಿತ್ರದಲ್ಲಿ ತಂದೆಯ ಮುಖದ ಮೇಲೆ ಕಿಟಕಿಯ ಸರಳುಗಳಿದ್ದವು. ಕೋಟಿನ ಮೇಲೆ ಕ್ಯಾಮರಾ ಹಿಡಿದುಕೊಂಡ ನನ್ನದೇ ಆಕೃತಿ ಇತ್ತು. ಮಿತ್ರರೊಬ್ಬರು, "ಪೋಲರೈಸಿಂಗ್ ಫಿಲ್ಟರ್ ಹಾಕಿ ಮಾರಾಯರೆ, ಗಾಜಿನ ಹೊಳಪೆಲ್ಲ ಮಾಯವಾಗುತ್ತದೆ" ಎಂದರು. ಒಂದು ಶನಿವಾರ ಸಿ.ಎಸ್.ಎಂ.ಟಿ.ಯಲ್ಲಿ ಇಳಿದು ಬೋರಾ ಬಜಾರಿನ ಕ್ಯಾಮರಾ ಅಂಗಡಿಗಳನ್ನು ಸುತ್ತಿದೆ. ಅದೇ ಅಳತೆಯ ಫಿಲ್ಟರಿಗೆ ಒಂದು ಕಡೆ ಸಾವಿರದ ಇನ್ನೂರು, ಇನ್ನೊಂದು ಕಡೆ ಏಳು ಸಾವಿರ. ನಮ್ಮಂಥವರು ಸಾವಿರದ ಇನ್ನೂರರದ್ದನ್ನೇ ಕೊಳ್ಳುತ್ತೇವೆ, ನಾನೂ ಕೊಂಡೆ. ಡಬ್ಬಿಯ ಮೇಲೆ ನೀಲಿ ಆಕಾಶ, ಹಿಮದ ಬೆಟ್ಟ, ತಿಳಿಗೊಳದ ಚಿತ್ರ. ಕೆಳಗೆ, ನೀರಿನ ಹಾಗೂ ಗಾಜಿನ ಪ್ರತಿಫಲನಗಳನ್ನು ನಿವಾರಿಸುತ್ತದೆ ಎಂಬ ಭರವಸೆ.

ಒಂದು ಮಳೆಗಾಲ, ಒಂದು ಚಳಿಗಾಲ ಆ ಫಿಲ್ಟರನ್ನು ಬಳಸಿ ನೋಡಿದ್ದೇನೆ. ನಮ್ಮ ಸಂಘದ ಕಾರ್ಯಕ್ರಮಗಳ ಚಿತ್ರ ತೆಗೆಯುವ ಗೆಳೆಯರ ಹತ್ತಿರ ಏಳು ಸಾವಿರದ್ದೇ ಒಂದಿತ್ತು. ಅದನ್ನೂ ಕಡ ತಂದು ಪಕ್ಕದಲ್ಲಿಟ್ಟು ಹೋಲಿಸಿದ್ದೇನೆ. ಆ ಪರೀಕ್ಷೆಯ ವರದಿ ಇದು. ಭರವಸೆಯಲ್ಲಿ ಎಷ್ಟು ನಿಜ, ಎಷ್ಟು ಡಬ್ಬಿಯ ಬಣ್ಣ ಎಂಬುದನ್ನು ಓದುಗರ ಮುಂದಿಡುವುದು ಉದ್ದೇಶ.

ಅದು ಮಾಡುವ ಕೆಲಸವೇನು?

ಹಗ್ಗದ ಒಂದು ತುದಿಯನ್ನು ಗೋಡೆಗೆ ಕಟ್ಟಿ ಇನ್ನೊಂದು ತುದಿಯನ್ನು ಕುಲುಕಿದರೆ ಅದರಲ್ಲಿ ಅಲೆ ಓಡುವುದನ್ನು ನಾವೆಲ್ಲ ಚಿಕ್ಕಂದಿನಲ್ಲಿ ನೋಡಿದ್ದೇವೆ. ಮೇಲೆ ಕೆಳಗೆ ಕುಲುಕಬಹುದು. ಎಡಕ್ಕೆ ಬಲಕ್ಕೆ ಕುಲುಕಬಹುದು. ಆ ಹಗ್ಗವನ್ನು ಕಿಟಕಿಯ ನೆಟ್ಟನೆಯ ಸರಳುಗಳ ನಡುವೆ ತೂರಿಸಿದರೆ ಮೇಲೆ ಕೆಳಗಿನ ಕುಲುಕು ಮಾತ್ರ ಆಚೆ ದಾಟುತ್ತದೆ. ಅಡ್ಡ ಕುಲುಕು ಸರಳಿಗೆ ಬಡಿದು ನಿಲ್ಲುತ್ತದೆ. ಸೂರ್ಯನ ಬೆಳಕಿನಲ್ಲಿ ಎಲ್ಲ ದಿಕ್ಕಿನ ಕುಲುಕುಗಳೂ ಬೆರೆತಿರುತ್ತವೆ. ಅದರಲ್ಲಿ ಒಂದೇ ದಿಕ್ಕಿನದು ಉಳಿಯುವಂತಾದರೆ ಬೆಳಕು ಧ್ರುವೀಕರಣಗೊಂಡಿತು ಎನ್ನುತ್ತೇವೆ. ಪೋಲರೈಸರ್ ಎಂಬುದು ಈ ಸರಳುಗಳ ಕಿಟಕಿ.

ಬೆಳಕು ನೀರಿನ ಮೇಲೋ ಗಾಜಿನ ಮೇಲೋ ಓರೆಯಾಗಿ ಬಿದ್ದು ಪ್ರತಿಫಲಿಸಿದಾಗ ತಾನಾಗಿಯೇ ಧ್ರುವೀಕರಣಗೊಳ್ಳುತ್ತದೆ. ಪ್ಯಾರಿಸಿನ ಮಾಲುಸ್ ಎಂಬ ಎಂಜಿನಿಯರ್ 1808ರಲ್ಲಿ ಅರಮನೆಯೊಂದರ ಕಿಟಕಿಗಾಜಿನಿಂದ ಬಂದ ಬಿಸಿಲನ್ನು ಸ್ಫಟಿಕದ ಮೂಲಕ ನೋಡಿ ಇದನ್ನು ಕಂಡುಕೊಂಡ. ಯಾವ ಕೋನದಲ್ಲಿ ಇದು ಪೂರ್ಣವಾಗುತ್ತದೆ ಎಂಬ ಲೆಕ್ಕವನ್ನು 1815ರಲ್ಲಿ ಸ್ಕಾಟ್‌ಲೆಂಡಿನ ಬ್ರೂಸ್ಟರ್ ಹೇಳಿದ. ಮೇಲ್ಮೈಯಿಂದ ಅಳೆದರೆ ನೀರಿಗೆ ಸುಮಾರು 37 ಡಿಗ್ರಿ, ಗಾಜಿಗೆ ಸುಮಾರು 34 ಡಿಗ್ರಿ. ಆ ಓರೆಯಲ್ಲಿ ನಿಂತು ಫಿಲ್ಟರನ್ನು ತಿರುಗಿಸಿದರೆ ಹೊಳಪು ಅಳಿಸಿಹೋಗುತ್ತದೆ. ಆ ಓರೆಯಿಂದ ಸರಿದಂತೆಲ್ಲ ಪರಿಣಾಮ ಕಡಿಮೆಯಾಗುತ್ತದೆ. ಗಾಜಿಗೆ ನೇರವಾಗಿ ಎದುರು ನಿಂತರೆ ಪರಿಣಾಮ ಸೊನ್ನೆ. ಡಬ್ಬಿಯ ಮೇಲೆ ಬರೆಯದ, ಆದರೆ ಕೊಳ್ಳುವವನು ಮೊದಲು ತಿಳಿಯಬೇಕಾದ ಮಾತು ಇದು. ನಾನು ತಿಳಿದಿದ್ದೂ ಮರೆತಿದ್ದೆ. ಬಿ.ಎಸ್ಸಿ.ಯಲ್ಲಿ ಇದನ್ನೇ ಪರೀಕ್ಷೆಗೆ ಬರೆದು ಅಂಕ ಪಡೆದವನು ದೊಡ್ಡಮ್ಮನ ಫೋಟೋದ ಎದುರು ನಿಂತಾಗ ಡಬ್ಬಿಯನ್ನು ನಂಬಿದೆ!

ಬಂದರಿನಲ್ಲಿ ರಾಮನ್

ನೀರಿನ ಹೊಳಪನ್ನು ಹೀಗೆ ಅಳಿಸಿ ನೋಡಿದ ಸುಪ್ರಸಿದ್ಧ ಪ್ರಯೋಗವೊಂದು ನಮ್ಮ ಮುಂಬಯಿಗೆ ಬರುತ್ತಿದ್ದ ಹಡಗಿನಲ್ಲೇ ನಡೆಯಿತು. 1921ರಲ್ಲಿ ಸಿ. ವಿ. ರಾಮನ್ ಅವರು ಇಂಗ್ಲೆಂಡಿನಿಂದ 'ನಾರ್ಕುಂಡ' ಎಂಬ ಹಡಗಿನಲ್ಲಿ ಮರಳುತ್ತಿದ್ದರು. ಸಮುದ್ರದ ನೀಲಿ ಎಂಬುದು ಆಕಾಶದ ನೀಲಿಯ ಪ್ರತಿಬಿಂಬವಷ್ಟೇ ಎಂದು ಲಾರ್ಡ್ ರ‍್ಯಾಲೇ ಅಂಥ ದೊಡ್ಡ ವಿಜ್ಞಾನಿ ಹೇಳಿದ್ದರು. ರಾಮನ್ನರ ಜೇಬಿನಲ್ಲಿ ನಿಕಾಲ್ ಪ್ರಿಸಂ ಎಂಬ ಸಣ್ಣ ಸ್ಫಟಿಕವಿತ್ತು; ಅದೂ ಒಂದು ಪೋಲರೈಸರೇ. ತಕ್ಕ ಓರೆಯಲ್ಲಿ ಅದನ್ನು ಹಿಡಿದು ಆಕಾಶದ ಪ್ರತಿಬಿಂಬವನ್ನು ಅಳಿಸಿ ನೋಡಿದರು. ನೀಲಿ ಹೋಗಲಿಲ್ಲ, ಇನ್ನಷ್ಟು ಗಾಢವಾಯಿತು. ಎಂದರೆ ನೀಲಿ ನೀರಿನದ್ದೇ, ನೀರಿನ ಅಣುಗಳು ಚೆದರಿಸಿದ ಬೆಳಕಿನದ್ದು ಎಂಬುದು ಅವರ ತೀರ್ಮಾನ. 'ನೇಚರ್' ಪತ್ರಿಕೆಗೆ ಅವರು ಬರೆದ ಟಿಪ್ಪಣಿಯ ಕೆಳಗೆ ಇರುವ ವಿಳಾಸ ಮುಂಬಯಿ ಬಂದರು, ತಾರೀಖು ಸೆಪ್ಟೆಂಬರ್ 26. ಬೆಳಕು ಚೆದರುವುದರ ಅಭ್ಯಾಸ ಮುಂದುವರಿದು 1928ರಲ್ಲಿ ರಾಮನ್ ಪರಿಣಾಮವಾಯಿತು, 1930ರಲ್ಲಿ ನೊಬೆಲ್ ಬಂತು.

ಇದನ್ನು ಹೇಳಲು ಕಾರಣ, ಉಪಕರಣದ ಬೆಲೆಗಿಂತ ಅದನ್ನು ಹಿಡಿಯುವ ಕೋನ ದೊಡ್ಡದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಬೆಲೆಯ ಗುಟ್ಟು

ಸ್ಫಟಿಕದ ಬದಲು ಹಾಳೆ ಬಂದ ಕಥೆ ಸ್ವಾರಸ್ಯವಾದುದು. 1852ರಲ್ಲಿ ಬ್ರಿಸ್ಟಲಿನ ವೈದ್ಯ ಹೆರಪಾತ್‌ನ ಶಿಷ್ಯನೊಬ್ಬ, ಕ್ವಿನೈನ್ ತಿನ್ನಿಸಿದ ನಾಯಿಯ ಮೂತ್ರಕ್ಕೆ ಅಯೋಡಿನ್ ಹಾಕಿದಾಗ ಹಸಿರು ಹರಳುಗಳನ್ನು ಕಂಡ. ಅವು ಒಂದರ ಮೇಲೊಂದು ಅಡ್ಡ ಬಿದ್ದ ಕಡೆ ಬೆಳಕು ದಾಟುತ್ತಿರಲಿಲ್ಲ. ಅಮೆರಿಕದ ಎಡ್ವಿನ್ ಲ್ಯಾಂಡ್ ಅಂಥ ಸೂಕ್ಷ್ಮ ಹರಳುಗಳನ್ನು ಹಾಳೆಯಲ್ಲಿ ಸಾಲಾಗಿ ನಿಲ್ಲಿಸುವ ವಿಧಾನಕ್ಕೆ 1929ರಲ್ಲಿ ಪೇಟೆಂಟ್ ಅರ್ಜಿ ಹಾಕಿದ. 1938ರಲ್ಲಿ ಆತನೇ ಪ್ಲಾಸ್ಟಿಕ್ ಹಾಳೆಯನ್ನು ಒಂದು ದಿಕ್ಕಿಗೆ ಎಳೆದು ಅಯೋಡಿನ್ ಕುಡಿಸುವ ವಿಧಾನ ಕಂಡುಹಿಡಿದ. ಎಳೆದಾಗ ಪ್ಲಾಸ್ಟಿಕ್ಕಿನ ಅಣುಸರಪಳಿಗಳು ಬಾಚಿದ ಕೂದಲಿನಂತೆ ಸಾಲಾಗಿ ನಿಲ್ಲುತ್ತವೆ.

ಇಂದು ಕ್ಯಾಲ್ಕುಲೇಟರು, ಗೋಡೆಯ ಟಿ.ವಿ., ಮೇಜಿನ ಮಾನಿಟರು, ಎಲ್ಲದರ ಎಲ್.ಸಿ.ಡಿ. ಪರದೆಯಲ್ಲೂ ಇಂಥ ಹಾಳೆ ಇದೆ. ರಾಶಿ ರಾಶಿಯಾಗಿ ತಯಾರಾಗುವ ವಸ್ತು ಸೋವಿಯಾಗುವುದು ಸಹಜ. ಆದುದರಿಂದ ಸೋವಿ ಫಿಲ್ಟರಿನಲ್ಲಿ ಹಾಳೆ ಕೆಟ್ಟದಿರಬೇಕೆಂದೇನೂ ಇಲ್ಲ. ಬೆಲೆಯ ಅಂತರವನ್ನು ಹುಡುಕಬೇಕಾದುದು ಹಾಳೆಯನ್ನು ಅಪ್ಪಿಕೊಂಡ ಎರಡು ಗಾಜುಗಳಲ್ಲಿ, ಗಾಜಿನ ಮೇಲಿನ ಲೇಪದಲ್ಲಿ ಮತ್ತು ಸುತ್ತಲಿನ ಉಂಗುರದಲ್ಲಿ. ನನ್ನ ಪರೀಕ್ಷೆಯಲ್ಲಿ ಕಂಡುದೂ ಹೆಚ್ಚು ಕಡಿಮೆ ಇದೇ.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ

ಫಿಲ್ಟರ್ ಕೊಳ್ಳಲು ಹೋಗುವಾಗ ಜೇಬಿನಲ್ಲಿ ಒಂದು ಕ್ಯಾಲ್ಕುಲೇಟರ್ ಇಟ್ಟುಕೊಳ್ಳಿ. ಅದನ್ನು ಚಾಲೂ ಮಾಡಿ, ಫಿಲ್ಟರಿನ ಮುಂಬದಿಯನ್ನು ಅಂಕಿಗಳ ಕಡೆಗೆ ಹಿಡಿದು ನಿಧಾನವಾಗಿ ತಿರುಗಿಸಿ. ಒಂದು ಸ್ಥಾನದಲ್ಲಿ ಅಂಕಿಗಳ ಪರದೆ ಇಡಿಯಾಗಿ ಕಪ್ಪಾಗಬೇಕು. ಬೂದು ಬಣ್ಣಕ್ಕೆ ನಿಂತರೆ ಹಾಳೆ ದುರ್ಬಲ, ಬೇಡವೆನ್ನಿ. ನನ್ನದು ಕಪ್ಪಾಯಿತು. ಮನೆಗೆ ಬಂದು ಮಾನಿಟರಿನ ಬಿಳಿಯ ಪರದೆಯ ಮುಂದೆ ಹಿಡಿದಾಗ ಕಪ್ಪಿನಲ್ಲಿ ತುಸು ನೇರಳೆ ಛಾಯೆ ಕಂಡಿತು. ಏಳು ಸಾವಿರದ್ದರಲ್ಲಿಯೂ ಕಂಡಿತು, ಸ್ವಲ್ಪ ಕಡಿಮೆ. ಈ ಅಂತರ ಚಿತ್ರದಲ್ಲಿ ಕಣ್ಣಿಗೆ ಬೀಳುವಂಥದಲ್ಲ.

ಎರಡನೆಯದು ಕನ್ನಡಿಯ ಪರೀಕ್ಷೆ. ಮಾರುಕಟ್ಟೆಯಲ್ಲಿ ಸಿಗುವುದು ಬಹುತೇಕ 'ಸರ್ಕ್ಯುಲರ್' ಜಾತಿಯದು. ಇದರಲ್ಲಿ ಹಾಳೆಯ ಹಿಂದೆ ಇನ್ನೊಂದು ತೆಳುಪದರವಿದ್ದು ಅದು ಬೆಳಕಿನ ಕುಲುಕನ್ನು ಸುರುಳಿಯಾಗಿಸುತ್ತದೆ. ಹಳೆಯ ತರದ ಎಸ್.ಎಲ್.ಆರ್. ಕ್ಯಾಮರಾಗಳೊಳಗಿನ ಅರೆಪಾರದರ್ಶಕ ಕನ್ನಡಿಗೆ ಸಾದಾ ಪೋಲರೈಸರಿನ ಬೆಳಕು ಒಗ್ಗದೆ ಬೆಳಕಿನ ಅಳತೆ, ಫೋಕಸ್ ಎರಡೂ ತಪ್ಪಬಹುದಾದ್ದರಿಂದ ಈ ಏರ್ಪಾಡು. ಲೆನ್ಸಿಗೆ ತಿರುಪುವ ಬದಿಯನ್ನು ಕನ್ನಡಿಯ ಕಡೆಗೆ ಮಾಡಿ ಫಿಲ್ಟರಿನ ಮೂಲಕ ಅದರದೇ ಪ್ರತಿಬಿಂಬವನ್ನು ನೋಡಿ. ಗಾಜು ಕಪ್ಪಾಗಿ ಕಂಡರೆ ಅದು ಸರ್ಕ್ಯುಲರ್. ತಿಳಿಯಾಗಿ ಕಂಡರೆ ಸಾದಾ. ಕನ್ನಡಿಯಿಲ್ಲದ ಈಗಿನ ಮಿರರ್‌ಲೆಸ್ ಕ್ಯಾಮರಾ ಇದ್ದವರಿಗೂ ಮೊಬೈಲಿನವರಿಗೂ ಯಾವುದಾದರೂ ನಡೆಯುತ್ತದೆ. ಆದ್ದರಿಂದ ಆ ಒಂದು ಶಬ್ದಕ್ಕಾಗಿ ಅವರು ಹೆಚ್ಚು ಹಣ ತೆರಬೇಕಾಗಿಲ್ಲ.

ಆ ತೆಳುಪದರದ ವಿಷಯದಲ್ಲಿ ಇನ್ನೊಂದು ಮಾತು. ಒಂದೇ ಪದರವಾದರೆ ಅದು ಒಂದು ಬಣ್ಣಕ್ಕೆ ಮಾತ್ರ ಕರಾರುವಾಕ್ಕಾಗಿರುತ್ತದೆ. ಉಳಿದ ಬಣ್ಣಗಳಿಗೆ ಅಂದಾಜು. ಹಲವು ಪದರಗಳನ್ನು ಬೇರೆ ಬೇರೆ ಕೋನಗಳಲ್ಲಿ ಜೋಡಿಸಿ ಈ ದೋಷವನ್ನು ನೀಗಬಹುದೆಂದು 1955ರಲ್ಲಿ ತೋರಿಸಿದವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ತರುಣ ಪಂಚರತ್ನಂ. ಅವರು ರಾಮನ್ನರ ಸೋದರಿಯ ಮಗ. ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿಯೂ ಇದ್ದವರು. 1969ರಲ್ಲಿ, ಮೂವತ್ತೈದರ ವಯಸ್ಸಿನಲ್ಲಿ, ಆಕ್ಸ್‌ಫರ್ಡಿನಲ್ಲಿ ತೀರಿಕೊಂಡರು. ಬೆಳಕಿನ ವಿಜ್ಞಾನದಲ್ಲಿ ಅವರ ಹೆಸರು ಇಂದೂ ದೊಡ್ಡದು. ನಮ್ಮ ಮಕ್ಕಳಿಗೆ ಆ ಹೆಸರು ಗೊತ್ತಿರಬೇಕು.

ಮೂರನೆಯ ಪರೀಕ್ಷೆಗೆ ಒಂದು ಬಿಳಿಯ ಕಾಗದ ಸಾಕು. ಫಿಲ್ಟರನ್ನು ಅದರ ಮೇಲಿಟ್ಟು ಬಣ್ಣ ನೋಡಿ. ನನ್ನದು ಕೊಂಚ ಹಳದಿಯ ಕಡೆಗಿದೆ. ಕ್ಯಾಮರಾದ ವೈಟ್ ಬ್ಯಾಲೆನ್ಸಿನಲ್ಲಿ ಸರಿಪಡಿಸಬಹುದಾದ ಕೊರತೆ ಇದು. ಕೊನೆಯದಾಗಿ ಉಂಗುರವನ್ನು ತಿರುಗಿಸಿ ನೋಡಿ. ನುಣುಪಾಗಿ ತಿರುಗಬೇಕು, ಆದರೆ ಸಡಿಲವಿರಬಾರದು. ನನ್ನದು ಅಂಗಡಿಯಲ್ಲಿ ಚೆನ್ನಾಗಿಯೇ ತಿರುಗಿತು. ಆಗಸ್ಟಿನ ಹೊತ್ತಿಗೆ ತೇವ, ಧೂಳು ಸೇರಿ ಬಿಗಿಯಾಯಿತು. ಒಮ್ಮೆ ಲೆನ್ಸಿನಿಂದ ಬಿಡಿಸಲಾಗದೆ ರಬ್ಬರ್ ಬ್ಯಾಂಡು ಸುತ್ತಿ ತಿರುಗಿಸಬೇಕಾಯಿತು.

ಬಯಲಿನಲ್ಲಿ

ಮೊದಲು ಆಕಾಶ. ಆಕಾಶದ ಬೆಳಕು ಹೆಚ್ಚು ಧ್ರುವೀಕರಣಗೊಂಡಿರುವುದು ಸೂರ್ಯನಿಂದ 90 ಡಿಗ್ರಿ ದೂರದ ಪಟ್ಟಿಯಲ್ಲಿ. ತೋರುಬೆರಳನ್ನು ಸೂರ್ಯನ ಕಡೆಗೆ ಚಾಚಿ ಹೆಬ್ಬೆರಳನ್ನು ಅಡ್ಡ ಹಿಡಿದರೆ ಹೆಬ್ಬೆರಳು ತೋರಿಸುವ ಕಡೆ ಅದು. ಫಿಲ್ಟರಿನಿಂದ ಸೂರ್ಯನನ್ನೇ ಮಾತ್ರ ನೋಡಬಾರದು, ಕಣ್ಣಿಗೆ ಅಪಾಯ. ಮಳೆ ತೊಳೆದುಹೋದ ಅಕ್ಟೋಬರಿನ ಬೆಳಿಗ್ಗೆ ಪರಿಣಾಮ ಚೆನ್ನಾಗಿತ್ತು. ಮೋಡಗಳು ಅರಳೆಯಂತೆ ಎದ್ದು ಕಂಡವು. ಜನವರಿಯಲ್ಲಿ ಅದೇ ಮಹಡಿಯಿಂದ ಅದೇ ದಿಕ್ಕಿಗೆ ತೆಗೆದರೆ ಏನೂ ಇಲ್ಲ. ಧೂಳು, ಹೊಗೆಗಳ ದೊಡ್ಡ ಕಣಗಳು ಬೆಳಕನ್ನು ಮತ್ತೆ ಮತ್ತೆ ಚೆದರಿಸಿ ಧ್ರುವೀಕರಣವನ್ನೇ ಕಲಸಿಬಿಡುತ್ತವೆ. ಏಳು ಸಾವಿರದ್ದೂ ಇಲ್ಲಿ ಸೋತಿತು. ಡಬ್ಬಿಯ ಮೇಲಿನ ಹಿಮಗಿರಿಯ ಆಕಾಶವನ್ನು ಮುಂಬಯಿಯ ಚಳಿಗಾಲದಲ್ಲಿ ಯಾವ ಫಿಲ್ಟರೂ ತಂದುಕೊಡಲಾರದು.

ಎರಡನೆಯದು ನೀರು. ನಮ್ಮ ಪೂರ್ವಕ್ಕೆ ಉಪ್ಪಿನ ಗದ್ದೆಗಳು, ಪಂಪಿಂಗ್ ಸ್ಟೇಷನ್ನಿನ ಆಸುಪಾಸಿನ ಕೆಸರುಭೂಮಿ, ಆಚೆಗೆ ಠಾಣೆಯ ಖಾಡಿ. ನವೆಂಬರಿನಿಂದ ಮೇ ತನಕ ಫ್ಲೆಮಿಂಗೊ ಎಂದು ಎಲ್ಲರೂ ಕರೆಯುವ ರಾಜಹಂಸಗಳು ಬಂದಿಳಿಯುವ ಜಾಗ. 2015ರಲ್ಲಿ ಖಾಡಿಯ ಒಂದು ಭಾಗವನ್ನು ಅವುಗಳ ಅಭಯಾರಣ್ಯವೆಂದು ಸಾರಲಾಯಿತು. 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ನೀರು ಇಳಿದಾಗ ಕೆಸರು ಕನ್ನಡಿಯಂತೆ ಹೊಳೆದು ಹಕ್ಕಿಗಳ ಕಾಲುಗಳೇ ಕಾಣುವುದಿಲ್ಲ. ಫಿಲ್ಟರನ್ನು ತಿರುಗಿಸಿದ್ದೇ ತಡ, ಹೊಳಪು ಆರಿತು. ಕೆಸರಿನ ಗೆರೆಗಳೂ ಗುಲಾಬಿ ಕಾಲುಗಳೂ ಕಂಡವು. ಹಾಳೆಯ ಕೆಲಸಕ್ಕೆ ಪೂರ್ಣ ಅಂಕ.

ಆದರೆ ದೂರದ ಹಕ್ಕಿಗೆ ದೂರದ ಲೆನ್ಸು ಬೇಕು. 300 ಮಿ.ಮೀ.ನಲ್ಲಿ ತೆಗೆದ ಚಿತ್ರವನ್ನು ದೊಡ್ಡದಾಗಿಸಿದಾಗ ಗರಿಗಳ ಅಂಚು ಮಸುಕು. ಮನೆಯ ಗಚ್ಚಿನಿಂದ ದೂರದ ಕಟ್ಟಡದ ನಾಮಫಲಕವನ್ನು ತೆಗೆದು ನೋಡಿದೆ: 50 ಮಿ.ಮೀ. ಲೆನ್ಸಿನಲ್ಲಿ ಫಿಲ್ಟರ್ ಇದ್ದರೂ ಇಲ್ಲದಿದ್ದರೂ ಒಂದೇ. 300ರಲ್ಲಿ ಸೋವಿ ಫಿಲ್ಟರಿದ್ದಾಗ ಸಣ್ಣ ಅಕ್ಷರಗಳು ಕಲಸಿಹೋದವು, ಏಳು ಸಾವಿರದ್ದರಲ್ಲಿ ಉಳಿದವು. ಗಾಜು ಸಮತಟ್ಟಾಗಿಲ್ಲದಿದ್ದರೆ ದೂರದ ಲೆನ್ಸು ಅದನ್ನು ದೊಡ್ಡದು ಮಾಡಿ ತೋರಿಸುತ್ತದೆ. ಹಕ್ಕಿಗಳ ಹುಚ್ಚು ಇರುವವರು ಹಣ ಕೂಡಿಸಿ ಒಳ್ಳೆಯದನ್ನೇ ಕೊಳ್ಳಲಿ, ಇಲ್ಲವೆ ಫಿಲ್ಟರ್ ಇಲ್ಲದೆಯೇ ತೆಗೆಯಲಿ.

ಮೂರನೆಯದು ಹಸಿರು. ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ಪರೀಕ್ಷೆ ಇದು. ಮಳೆಯಲ್ಲಿ ಎಲೆಗಳ ಮೇಲೆ ಬೂದು ಆಕಾಶದ ಹೊಳಪು ಕುಳಿತು ಹಸಿರನ್ನು ಸುಣ್ಣ ಬಳಿದಂತೆ ಮಾಡುತ್ತದೆ. ಆ ಹೊಳಪನ್ನು ಅಳಿಸಿದರೆ ಊರಿನ ಹಸಿರೇ ಬರುತ್ತದೆ. ಕ್ಯಾಮರಾದಲ್ಲಾಗಲಿ ಕಂಪ್ಯೂಟರಿನಲ್ಲಾಗಲಿ ಬಣ್ಣವನ್ನು ಎಷ್ಟು ಏರಿಸಿದರೂ ಇದು ಬಾರದು. ಹೊಳಪು ಮುಚ್ಚಿದ ಎಲೆಯ ಬಣ್ಣ ಚಿತ್ರದಲ್ಲಿ ದಾಖಲಾಗಿಯೇ ಇರುವುದಿಲ್ಲ. ಇಲ್ಲದ್ದನ್ನು ಎಲ್ಲಿಂದ ಏರಿಸುವುದು? ಕ್ಯಾಮರಾ ಇಲ್ಲದವರು ಫಿಲ್ಟರನ್ನು ಕೈಯಲ್ಲೇ ಹಿಡಿದು ಮೊಬೈಲಿನ ಲೆನ್ಸಿನ ಮುಂದೆ ತಿರುಗಿಸಬಹುದು.

ಊರಿಗೆ ಹೋಗುವಾಗ ಮತ್ಸ್ಯಗಂಧದ ಹವಾನಿಯಂತ್ರಿತ ಡಬ್ಬಿಯಲ್ಲೂ ಪ್ರಯೋಗ ಮಾಡಿದೆ. ಕಿಟಕಿಗೆ ಓರೆಯಾಗಿ ಕುಳಿತರೆ ಡಬ್ಬಿಯೊಳಗಿನ ದೀಪದ ಪ್ರತಿಬಿಂಬ ಆರುತ್ತದೆ, ನಿಜ. ಆದರೆ ಗಾಜಿನ ಮೇಲೆಲ್ಲ ಕಾಮನಬಿಲ್ಲಿನ ಕಲೆಗಳು ಏಳುತ್ತವೆ. ಗಾಜನ್ನು ಬಿಸಿ ಮಾಡಿ ಒಮ್ಮೆಗೇ ತಣಿಸಿ ಗಟ್ಟಿಗೊಳಿಸುವಾಗ ಅದರೊಳಗೆ ಉಳಿಯುವ ಬಿಗಿತವನ್ನು ಪೋಲರೈಸರ್ ಹೀಗೆ ಹೊರಗೆಡಹುತ್ತದೆ. ಫಿಲ್ಟರಿನ ತಪ್ಪಲ್ಲ, ರೈಲಿನಲ್ಲಿ ಅದನ್ನು ಚೀಲದಲ್ಲಿಡುವುದು ಲೇಸು.

ಸಮಾರಂಭಗಳಲ್ಲಿ

ನಮ್ಮವರಲ್ಲಿ ಕ್ಯಾಮರಾ ಹೆಚ್ಚಾಗಿ ಹೊರಬರುವುದು ಮದುವೆ, ಮುಂಜಿ, ಪೂಜೆಗಳಿಗೆ. ಅಲ್ಲಿ ಈ ಫಿಲ್ಟರಿನ ಪಾತ್ರ ಬಹಳ ಚಿಕ್ಕದು, ಮತ್ತು ಹೊಗಳುವಂಥದಲ್ಲ. ಚಿನ್ನ, ಹಿತ್ತಾಳೆ, ಬೆಳ್ಳಿಗಳಂಥ ಲೋಹಗಳ ಹೊಳಪು ನೀರು ಗಾಜುಗಳ ಹೊಳಪಿನಂತೆ ಧ್ರುವೀಕರಣಗೊಳ್ಳುವುದಿಲ್ಲ. ಆದ್ದರಿಂದ ಒಡವೆಯ, ದೀಪಕಂಬದ ಹೊಳಪು ತಗ್ಗುವುದಿಲ್ಲ. ಅದಲ್ಲದೆ ಫಿಲ್ಟರ್ ಬೆಳಕನ್ನು ನುಂಗುತ್ತದೆ. ನನ್ನ ಅಳತೆಯಲ್ಲಿ ಸೆಕೆಂಡಿನ 1/250 ಭಾಗ ಸಾಕಾಗುತ್ತಿದ್ದ ಕಡೆ 1/60 ಬೇಕಾಯಿತು, ಅಂದರೆ ಕಾಲು ಭಾಗ ಬೆಳಕು ಮಾತ್ರ ಒಳಹೊಕ್ಕಿತು. ಹಾಲಿನ ಮಂದ ಬೆಳಕಿನಲ್ಲಿ ಇದು ದುಬಾರಿ.

ಇನ್ನೂ ಒಂದಿದೆ. ಲೇಪವಿಲ್ಲದ ಗಾಜಿನ ಪ್ರತಿಯೊಂದು ಮೇಲ್ಮೈಯೂ ನೂರರಲ್ಲಿ ಸುಮಾರು 4 ಪಾಲು ಬೆಳಕನ್ನು ಹಿಂದಕ್ಕೆಸೆಯುತ್ತದೆ. ಒಳ್ಳೆಯ ಲೇಪವಿದ್ದರೆ ಇದು 1 ಪಾಲಿಗಿಂತಲೂ ಇಳಿಯುತ್ತದೆ. ನನ್ನ ಫಿಲ್ಟರಿನ ಲೇಪ ನೆಪಮಾತ್ರದ್ದು. ಗಣೇಶ ಚತುರ್ಥಿಯಂದು ಅದನ್ನು ಬಿಚ್ಚಲು ಮರೆತು ಮಂಗಳಾರತಿಯನ್ನು ತೆಗೆದೆ. ಐದು ಜ್ಯೋತಿಗಳು ಚಿತ್ರದಲ್ಲಿ ಹತ್ತಾಗಿದ್ದವು, ಐದು ಆರತಿಯ ಮೇಲೆ, ಐದು ದೇವರ ಕಿರೀಟದ ಪಕ್ಕದಲ್ಲಿ ತಲೆಕೆಳಗಾಗಿ. ಏಳು ಸಾವಿರದ್ದನ್ನು ಹಾಕಿ ಮನೆಯಲ್ಲಿ ದೀಪ ಹಚ್ಚಿ ನೋಡಿದರೆ ಆ ಭೂತಬಿಂಬಗಳು ಇದ್ದೂ ಇಲ್ಲದಂತಿದ್ದವು. ಎರಡರ ಬೆಲೆಯ ಅಂತರ ಸ್ಪಷ್ಟವಾಗಿ ಕಣ್ಣಿಗೆ ಕಂಡದ್ದು ಇಲ್ಲಿ.

ಮತ್ತೆ ಆ ಫೋಟೋ

ಈಗ ಮೂರನೆಯ ಮಾಳಿಗೆಗೆ ಬರೋಣ. ಫಿಲ್ಟರ್ ಹಾಕಿ ದೊಡ್ಡಮ್ಮನ ಫೋಟೋದ ಎದುರು ನೆಟ್ಟಗೆ ನಿಂತು ತಿರುಗಿಸಿದೆ. ಕಿಟಕಿಯ ಸರಳುಗಳು ಕದಲಲಿಲ್ಲ. 34 ಡಿಗ್ರಿಯ ಓರೆಗೆ ಸರಿದರೆ ಸರಳುಗಳು ಹೋದವು, ಆದರೆ ಅಪ್ಪ ಅಮ್ಮ ಇಬ್ಬರೂ ಸಪೂರವಾಗಿ ಒಂದು ಪಕ್ಕಕ್ಕೆ ಎಳೆದಂತಾದರು. "ಅಪ್ಪ ಇಷ್ಟು ಬಡಕಲು ಇರಲಿಲ್ಲ" ಎಂದರು ದೊಡ್ಡಮ್ಮ.

ಮನೆಗೆ ಬಂದು ಮೊದಲಿನಿಂದ ಯೋಚಿಸಿದೆ. ಗಾಜಿನಲ್ಲಿ ಕಾಣುವುದು ಗಾಜಿನ ಎದುರಿಗೆ ಇರುವ ವಸ್ತು. ಎದುರಿಗೆ ಕತ್ತಲೆಯೇ ಇದ್ದರೆ ಕಾಣುವುದೇನು? ಮುಂದಿನ ಭಾನುವಾರ ಕಿಟಕಿಗಳನ್ನು ಮುಚ್ಚಿ, ಫೋಟೋವನ್ನು ಗೋಡೆಯಿಂದ ಇಳಿಸದೆಯೇ, ಕ್ಯಾಮರಾದ ಹಿಂದೆ ಕರಿಯ ಬಟ್ಟೆ ಕಟ್ಟಿದೆ. ಬಟ್ಟೆಯಲ್ಲಿ ಲೆನ್ಸಿನಷ್ಟೇ ಒಂದು ತೂತು. ಫೋಟೋದ ಎರಡು ಪಕ್ಕಗಳಲ್ಲಿ 45 ಡಿಗ್ರಿಯ ಓರೆಯಲ್ಲಿ ಎರಡು ಎಲ್.ಇ.ಡಿ. ದೀಪ. ಪಕ್ಕದಿಂದ ಬಂದ ಬೆಳಕು ಗಾಜಿನಿಂದ ಸಿಡಿದು ಎದುರು ಪಕ್ಕಕ್ಕೆ ಹೋಗುತ್ತದೆಯೇ ಹೊರತು ಕ್ಯಾಮರಾದೊಳಗೆ ಬರುವುದಿಲ್ಲ. ಸರಳುಗಳೂ ಹೋದವು, ನಾನೂ ಹೋದೆ. ಇದಕ್ಕೆ ತಗಲಿದ್ದು ಒಂದು ಮೀಟರ್ ಕರಿಯ ಬಟ್ಟೆಯ ಖರ್ಚು. ಫಿಲ್ಟರನ್ನು ಲೆನ್ಸಿಗೆ ಹಾಕಿರಲೇ ಇಲ್ಲ.

ಆದರೂ ಒಂದು ತೊಂದರೆ ಉಳಿಯಿತು. ಹಳೆಯ ಕಪ್ಪುಬಿಳುಪು ಫೋಟೋಗಳಲ್ಲಿ ತೇವದ ಗಾಳಿಗೆ ಒಳಗಿನ ಬೆಳ್ಳಿ ಮೇಲಕ್ಕೆ ಬಂದು, ಕಪ್ಪಾದ ಭಾಗಗಳ ಮೇಲೆ ನೀಲಿ ಬೂದು ಕನ್ನಡಿಯಂಥ ಪೊರೆ ಕಟ್ಟುತ್ತದೆ. ಗಾಜಿಗೆ ಅಂಟಿದ ಕಡೆ ಒದ್ದೆಯಾದಂಥ ಕಪ್ಪು, ಅಂಟದ ಕಡೆ ಬೂದಿ ಚೆಲ್ಲಿದಂಥ ಹೊಳಪು. ಕೋಟು ತೇಪೆ ಹಾಕಿದಂತಿತ್ತು. ಇಲ್ಲಿ ಫಿಲ್ಟರಿಗೆ ಕೆಲಸ ಬಂತು, ಆದರೆ ಒಂಟಿಯಾಗಿ ಅಲ್ಲ. ಮಾನಿಟರುಗಳನ್ನು ರಿಪೇರಿ ಮಾಡುವವನೊಬ್ಬನಿಂದ ಕೆಟ್ಟುಹೋದ ಪರದೆಯ ಪೋಲರೈಸರ್ ಹಾಳೆಯನ್ನು ತಂದು, ಎರಡು ತುಂಡು ಮಾಡಿ, ಎರಡೂ ಒಂದೇ ದಿಕ್ಕಿಗೆ ಬರುವಂತೆ ದೀಪಗಳ ಮುಂದೆ ಕಟ್ಟಿದೆ. ಬಿಸಿಯಾಗುವ ಹಳೆಯ ಬಲ್ಬುಗಳ ಮುಂದೆ ಇದನ್ನು ಕಟ್ಟಬಾರದು, ಸುಟ್ಟೀತು. ಈಗ ಫೋಟೋದ ಮೇಲೆ ಬೀಳುವ ಬೆಳಕೇ ಧ್ರುವೀಕರಣಗೊಂಡದ್ದು. ಮೇಲ್ಮೈಯ ಹೊಳಪು ಆ ದಿಕ್ಕನ್ನು ಹಾಗೆಯೇ ಉಳಿಸಿಕೊಂಡು ಬರುತ್ತದೆ. ಚಿತ್ರದ ಒಳಹೊಕ್ಕು ಬಂದ ಬೆಳಕು ದಿಕ್ಕುಗೆಟ್ಟಿರುತ್ತದೆ. ಲೆನ್ಸಿನ ಫಿಲ್ಟರನ್ನು ಅಡ್ಡಕ್ಕೆ ತಿರುಗಿಸಿದರೆ ಹೊಳಪಷ್ಟೇ ನಿಂತು, ಚಿತ್ರ ಒಳಗೆ ಬರುತ್ತದೆ. ಬೆಳಕು ಬಹಳ ಕಡಿಮೆಯಾದ್ದರಿಂದ ಸ್ಟ್ಯಾಂಡಿನ ಮೇಲಿಟ್ಟು ನಾಲ್ಕು ಸೆಕೆಂಡು ತೆರೆದೆ.

ಕೋಟು ಕಪ್ಪಾಯಿತು. ಆ ಕಪ್ಪಿನಲ್ಲಿ ಅಷ್ಟು ವರ್ಷ ಗೋಡೆಯ ಮೇಲೆ ಯಾರಿಗೂ ಕಾಣದಿದ್ದ ಒಂದು ವಸ್ತು ಕಂಡಿತು: ಮೊಣಕಾಲಿಗೆ ಒರಗಿಸಿ ಹಿಡಿದ, ಮಡಿಸಿದ ಕೊಡೆ. ದೊಡ್ಡಮ್ಮ ಪರದೆಯ ಹತ್ತಿರ ಬಾಗಿ ಬಹಳ ಹೊತ್ತು ನೋಡಿದರು. "ಬೆತ್ತದ ಹಿಡಿ. ಮಳೆಗಾಲದಲ್ಲಿ ನಮ್ಮ ಚಾವಡಿಯ ಮೊಳೆಗೆ ನೇತುಹಾಕುತ್ತಿದ್ದರು. ನನಗೆ ಮುಟ್ಟಲು ಬಿಡುತ್ತಿರಲಿಲ್ಲ" ಎಂದರು. ತಾಯಿಯ ಸೀರೆಯ ಹರಿದ ಅಂಚು ಮಾತ್ರ ಹರಿದೇ ಇದೆ. ಅದನ್ನು ಕಂಪ್ಯೂಟರಿನಲ್ಲಿ ತುಂಬಲೇ ಎಂದು ಕೇಳಿದೆ. "ಬೇಡ, ಇದ್ದ ಹಾಗೆ ಇರಲಿ" ಎಂದರು.

ತೀರ್ಪು

ಸಾವಿರದ ಇನ್ನೂರರ ಫಿಲ್ಟರ್ ತನ್ನ ಮೂಲ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುತ್ತದೆ. ನೀರು, ಎಲೆ, ಮಳೆಯ ನಂತರದ ಆಕಾಶ, ಹಳೆಯ ಫೋಟೋದ ಪೊರೆ, ಇಷ್ಟಕ್ಕೆ ಸಾಕು. ಇದಕ್ಕಾಗಿ ಏಳು ಸಾವಿರ ಸುರಿಯುವುದು ಅನಾವಶ್ಯಕ. ಅದು ಸೋಲುವುದು ದೂರದ ಲೆನ್ಸಿನಲ್ಲಿ, ದೀಪದ ಎದುರಿನಲ್ಲಿ, ಮತ್ತು ಉಂಗುರದ ಬಾಳಿಕೆಯಲ್ಲಿ. ಅಲ್ಲೆಲ್ಲ ದುಬಾರಿಯದ್ದು ನಿಜವಾಗಿಯೂ ಮೇಲು. ಗಾಜಿನ ಪ್ರತಿಫಲನ ನಿವಾರಿಸುತ್ತದೆ ಎಂಬ ಡಬ್ಬಿಯ ಮಾತನ್ನು ಮಾತ್ರ ಸೋವಿಯದ್ದೂ ದುಬಾರಿಯದ್ದೂ ಸಮಾನವಾಗಿ ತಪ್ಪಿಸುತ್ತವೆ. ಕೋನ ಹೇಳದ ಭರವಸೆ ಅರ್ಧ ಭರವಸೆ.

ಓದುಗರಲ್ಲಿ ಒಂದು ವಿನಂತಿ. ನಮ್ಮ ಅನೇಕ ಮನೆಗಳಲ್ಲಿ ಊರಿನಿಂದ ಟ್ರಂಕಿನಲ್ಲಿ ಬಂದ ಇಂಥ ಒಂದೊಂದು ಫೋಟೋ ಇದೆ. ಅದು ಗಾಜಿಗೆ ಅಂಟಿದ್ದರೆ ಫ್ರೇಮನ್ನು ಬಿಚ್ಚಿಸಬೇಡಿ; ಯಾರು ಎಷ್ಟು ಧೈರ್ಯ ಹೇಳಿದರೂ ಬೇಡ. ಮೊದಲು ಗಾಜಿನ ಮೇಲಿಂದಲೇ ಒಂದು ಪ್ರತಿ ತೆಗೆದುಕೊಳ್ಳಿ. ಕರಿಯ ಬಟ್ಟೆ, ಎರಡು ದೀಪ ಇದ್ದರೆ ಮೊಬೈಲಿನಲ್ಲೂ ಆಗುತ್ತದೆ. ಮುಂದಿನ ಮಳೆಗಾಲಕ್ಕೆ ಕಾಯಬೇಡಿ.

ದೊಡ್ಡಮ್ಮನ ಫೋಟೋದ ಮೂರು ಪ್ರತಿಗಳು ಮುದ್ರಣವಾಗಿ ಬಂದಿವೆ. ಒಂದು ಡೊಂಬಿವಲಿಯ ಮಗನಿಗೆ, ಒಂದು ಕಾರ್ಕಳದ ಮಗಳಿಗೆ, ಒಂದು ಮಸ್ಕತ್ತಿನಲ್ಲಿರುವ ಕಿರಿಯವನಿಗೆ. ಈ ಸಲ ಫ್ರೇಮು ಹಾಕಿಸುವಾಗ ಫೋಟೋಕ್ಕೂ ಗಾಜಿಗೂ ನಡುವೆ ದಪ್ಪ ರಟ್ಟಿನ ಅಂಚು ಇಟ್ಟು, ಒಂದಕ್ಕೊಂದು ತಾಗದಂತೆ ಮಾಡಿಸಿದ್ದೇವೆ.